ಷರಾ

ನಮೂನೆ ನಾಲ್ಕು, ಕಾಲಂ ಒಂಬತ್ತು: ಸ್ಥಳದ ಗುಣ.
ಎದುರಿಗೆ ಎರಡು ಬೆರಳಗಲ ಖಾಲಿ ಜಾಗ.
ನೂರಾ ನಲವತ್ತು ಎಕರೆಗೆ ಎರಡು ಬೆರಳು.

ವಿಜಯಪುರದ ಪಡುವಣಕ್ಕೆ, ತೊರವಿ ದಾರಿ ಬಿಟ್ಟು ಒಳಗೆ,
ಬಿಸಿಲೇರುವ ಮುಂಚೆ ಜೀಪು ನಿಲ್ಲಿಸಿ ನಕ್ಷೆ ಬಿಚ್ಚಿದೆ.
ಬಾನೆಟ್ಟಿನ ಮೇಲೆ ಹೊಸ ಊರು ಅಂಗಾತ ಮಲಗಿತ್ತು:
ಆರುನೂರ ಹನ್ನೆರಡು ನಿವೇಶನ, ಒಂದು ಶಾಲೆ, ಒಂದು ಉದ್ಯಾನ,
ಯಾರ ಹೊಲದ ಬದುವನ್ನೂ ಕೇಳದೆ ನೆಟ್ಟಗೆ ನಡೆದ ರಸ್ತೆಗಳು.
ಗಾಳಿ ಅದರ ತುದಿ ಎತ್ತಿತು. ಕಲ್ಲೊಂದನ್ನು ಹೇರಿದೆ.

ದಾವಲಸಾಬ ಟೇಪು ಹಿಡಿಯಲು ಬಂದವನು, ದಿನಗೂಲಿ.
ನಕ್ಷೆ ನೋಡಲಿಲ್ಲ, ನೆಲ ನೋಡುತ್ತ ನಡೆದ.
"ಇಲ್ಲೊಂದು ಬಾಯಿ ಐತ್ರಿ ಅಕ್ಕಾರ. ಅಲ್ಲೊಂದು. ಆ ಜಾಲಿ ಬುಡಕ ಇನ್ನೊಂದು.
ಕೌದಿಗೆ ದಾರ ಹೊಡದಂಗ, ಸಾಲಿಗೆ ಸಾಲು."
ಕಂಟಿ ಸರಿಸಿದ. ಒಳಗೆ ಕೆತ್ತಿದ ಕಲ್ಲಿನ ಕೊರಳು,
ಸುಲ್ತಾನರ ಕಾಲದ ನೀರಸುರಂಗದ ಉಸಿರುಗಂಡಿ.
ಉಪಗ್ರಹದ ಚಿತ್ರದಲ್ಲಿ ಅದೊಂದು ಕಪ್ಪು ಚುಕ್ಕೆ.
ಗಿಡದ ನೆರಳೆಂದು ನಾನೇ ಅಳಿಸಿದ್ದೆ.

ಹರಳೊಂದನ್ನು ಬಿಟ್ಟ. ಎಣಿಸಿದೆವು.
ಒಂದು,
ಎರಡು,
ಮೂರರ ಬದಲು ನೀರು ಮಾತಾಡಿತು,
ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸಿದ ಹಾಗೆ.

ಏಳನೇ ಅಡ್ಡರಸ್ತೆ ಸರಿಯಾಗಿ ಅದರ ಬೆನ್ನೇರಿ ಹೋಗುತ್ತದೆ.

ಹಳೆಯ ಊರುಗಳೆಲ್ಲ ಇಲ್ಲಿ ಮಡ್ಡಿಯ ಮೇಲೆ ಕೂತಿವೆ,
ಎರಿಯನ್ನು ಬಿಳಿಜೋಳಕ್ಕೆ ಬಿಟ್ಟುಕೊಟ್ಟು.
ನಾವು ಸಪಾಟಾಗಿದೆಯೆಂದು ಎರಿಗೇ ಇಳಿದಿದ್ದೇವೆ.
ಏಪ್ರಿಲಿನಲ್ಲಿ ಈ ನೆಲ ಬಾಯಿ ತೆರೆದರೆ
ಕುಡುಗೋಲು ಬಿದ್ದದ್ದು ಮಳೆಗಾಲದವರೆಗೆ ಸಿಗುವುದಿಲ್ಲ.
ಗೋಡೆ ಏನು ಮಾಡೀತು?

ಆಡು ಹೊಡೆದುಕೊಂಡು ಲಗಮವ್ವ ಬಂದಳು.
"ನೀರಿನ ಟಾಕಿ ಎಲ್ಲಿ ಕಟ್ಟತೀರಿ?"
ದಿಬ್ಬ ತೋರಿಸಿದೆ. ಕೋಲಿನಿಂದ ಗಾಳಿಯಲ್ಲೊಂದು ಗೆರೆ ಎಳೆದಳು,
ತನ್ನ ಗುಡಿಸಲಿನಿಂದ ದಿಬ್ಬದ ಮೇಲೆ ಹಾಯ್ದು
ದೂರದ ಗುಮ್ಮಟದವರೆಗೆ. "ಅಲ್ಲಿ ಕಟ್ಟಿದರ ಅದು ಕಾಣಂಗಿಲ್ಲ."
ದೃಶ್ಯ ಸೌಂದರ್ಯ ಎಂದು ಬರೆಯತೊಡಗಿದ್ದೆ.
"ಚಂದಕ್ಕಲ್ಲಬೇ ಯವ್ವಾ!
ಗುಮ್ಮಟ ಸ್ವಚ್ಛ ಕಂಡರ ಕುರುಡಗಿ ಒಣಾ ಹಾಕತೀವಿ,
ಮಸಕಾದರ ಧೂಳಗಾಳಿ ಹೊಂಟೈತಂತ ಒಳಗ ತಗೋತೀವಿ."
ಬರೆದದ್ದನ್ನು ಹೊಡೆದು ಹಾಕಿದೆ.
ಇದಕ್ಕೆ ನಮೂನೆಯಲ್ಲಿ ಶಬ್ದವಿಲ್ಲ.

ಸಂಜೆ ಲೆಕ್ಕ ಮಾಡಿದೆ, ಜೀಪಿನ ಮಡ್‌ಗಾರ್ಡಿಗೆ ಒರಗಿ:
ರಸ್ತೆಯನ್ನು ಹನ್ನೆರಡು ಮೀಟರು ತೆಂಕಣಕ್ಕೆ ಸರಿಸಿದರೆ
ಒಂಬತ್ತು ಉಸಿರುಗಂಡಿಗಳೂ ಉಳಿಯುತ್ತವೆ,
ಮೂವತ್ತೊಂದು ನಿವೇಶನ ಹೋಗುತ್ತವೆ.
ಗಟ್ಟಿಯಾಗಿಯೇ ಹೇಳಿದೆನೇನೋ.
ಟೇಪು ಸುತ್ತುತ್ತಿದ್ದ ದಾವಲಸಾಬನ ಕೈ ತುಸು ನಿಂತಿತು.

"ನಮ್ಮದೂ ಒಂದು ಅರ್ಜಿ ಐತ್ರಿ ಇದರಾಗ," ಅಂದ.
"ಮೂರನೇ ಸಲ ಹಾಕೀನಿ."
ಮತ್ತೆ ಸುತ್ತತೊಡಗಿದ.

ಬೆಳಗ್ಗೆ ಕಂಟಿ ಸರಿಸಿ ತೋರಿಸುವಾಗಲೂ
ಇದು ಅವನಿಗೆ ಗೊತ್ತಿತ್ತೆ?
ಕೇಳಬಹುದಿತ್ತು. ದಾರಿಯುದ್ದಕ್ಕೂ ಅವನು
ತನ್ನ ಅಜ್ಜ ಸೊಂಟಕ್ಕೆ ಹಗ್ಗ ಬಿಗಿದು ಒಳಗಿಳಿದು
ಹೂಳು ತೆಗೆಯುತ್ತಿದ್ದುದನ್ನು ಹೇಳಿದ:
ಮೇಲಿನವರಿಗೆ ತಿಳಿಯಲೆಂದು ಸುಮ್ಮನೆ ಏನಾದರೂ ಒದರುತ್ತಿದ್ದನಂತೆ,
ಒದರುವುದು ನಿಂತರೆ ಜಗ್ಗಬೇಕು.

ಮುತಾಲಿಕ ಸಾಹೇಬರು ಫೋನಿನಲ್ಲಿ: "ಪುರಾಣ ಬ್ಯಾಡ,
ಪಾರಂಪರಿಕ ಮಹತ್ವ ಐತೋ ಇಲ್ಲೋ, ಅಷ್ಟ ಬರೀರಿ."
ಐತಿ, ಎಂದು ಬರೆದೆ.
ರಸ್ತೆ ಸರಿಸಬೇಕು, ಎಂದು ಬರೆದೆ. ಟಾಕಿ ಮಡ್ಡಿಯ ಆಚೆಗೆ.
ಮೂವತ್ತೊಂದು ಮನೆಗೆ ಎರಿ ಬಿಟ್ಟು ಬೇರೆ ನೆಲ ಹುಡುಕಬೇಕು,
ಎಂದು ಷರಾದಲ್ಲಿ, ಎರಡು ಬೆರಳ ಜಾಗ ಮೀರಿ,
ಹಾಳೆಯ ಅಂಚಿಗೆ, ಅಡ್ಡಡ್ಡ.

ಆ ಹೇರುಕಲ್ಲು ಜೀಪಿನಲ್ಲೇ ಬಂದುಬಿಟ್ಟಿದೆ.
ನಾಳೆ ಹೋದಾಗ ಎಲ್ಲಿಂದ ಎತ್ತಿದ್ದೆನೋ
ಅಲ್ಲೇ ಇಡಬೇಕು. ನೆನಪಿಲ್ಲ.
ದಾವಲಸಾಬನನ್ನು ಕೇಳಬೇಕು.